ಸೊಂಟಕ್ಕೆ ಮೂರು ಒದೆ

ನಾನು ಕಾಲು ಮುಂದಾಗಿ ಹುಟ್ಟಿದವಳು. ಸಂಪಗಾಂವದ ನಮ್ಮ ಮನೆಯ ಒಳಕೋಣೆಯಲ್ಲಿ ಸೂಲಗಿತ್ತಿಗೆ ಮೊದಲು ಕಂಡದ್ದು ನನ್ನ ಎಡಗಾಲಂತೆ. ಆ ಹೆರಿಗೆಯಲ್ಲಿ ಅವ್ವನ ಜೀವ ಹೋಗಿ ಬಂದದ್ದನ್ನು ಯಾರೂ ನೆನಪಿನಲ್ಲಿಟ್ಟುಕೊಳ್ಳಲಿಲ್ಲ. ಕಾಲನ್ನು ಮಾತ್ರ ಓಣಿಗೆ ಓಣಿಯೇ ನೆನಪಿಟ್ಟುಕೊಂಡಿತು. ಹೀಗೆ ಹುಟ್ಟಿದವರು ಎಡಗಾಲಿನಿಂದ ಮೂರು ಸಲ ಒದ್ದರೆ ಹಿಡಿದ ಸೊಂಟ ಬಿಡುತ್ತದೆ ಎಂದು ನಮ್ಮ ಕಡೆ ನಂಬಿಕೆ. ನಾನು ನೆಟ್ಟಗೆ ನಿಲ್ಲಲು ಕಲಿತ ಮೇಲೆ ನಮ್ಮ ಪಡಸಾಲೆಯಲ್ಲಿ ಬೆಳಗಾದರೆ ಯಾರಾದರೊಬ್ಬರು ಬೋರಲು ಬಿದ್ದುಕೊಂಡಿರುತ್ತಿದ್ದರು.

ಈ ಚಿಕಿತ್ಸೆಯ ಕಟ್ಟಳೆಗಳನ್ನೆಲ್ಲ ಮಾಡಿದವಳು ನಮ್ಮ ಅಜ್ಜಿ. ಒದೆಸಿಕೊಳ್ಳುವವರು ಬೆಳಿಗ್ಗೆ ಏನೂ ತಿನ್ನದೆ ಬರಬೇಕು. ಒದೆ ಬಿದ್ದ ಮೇಲೆ ಎದ್ದು, ತಿರುಗಿ ನೋಡದೆ ಹೋಗಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ಆ ನೋವಿನ ಮಾತನ್ನು ಮತ್ತೆ ಯಾರ ಮುಂದೆಯೂ ಎತ್ತಬಾರದು. ಎತ್ತಿದರೆ ಹೋದ ನೋವು ಹೊಳ್ಳಿ ಬರುತ್ತದೆ. ಅಜ್ಜಿ ಜಾಣೆ. ವಾಸಿಯಾಗದವನು ಬಂದು ದೂರುವ ಬಾಗಿಲಿಗೆ ಮೊದಲೇ ಅಗಳಿ ಹಾಕಿಬಿಟ್ಟಿದ್ದಳು. ಹಾಗಾಗಿ ನನ್ನ ಕಾಲಿನ ಗುಣದ ಬಗ್ಗೆ ಇಡೀ ಊರಿನಲ್ಲಿ ಒಂದೂ ತಕರಾರು ಇರಲಿಲ್ಲ.

ಮುಂದೆ ನಾನು ಓದಿದೆ. ಬಿ.ಎಸ್‌ಸಿ. ಆಯಿತು, ಗ್ರಂಥಾಲಯ ವಿಜ್ಞಾನ ಆಯಿತು, ಬೈಲಹೊಂಗಲದಿಂದ ಕಿತ್ತೂರಿನ ಕಡೆಗೆ ಹೋಗುವ ರಸ್ತೆಯ ಬದಿಯ ಸ್ನಾತಕೋತ್ತರ ಕೇಂದ್ರವೊಂದರಲ್ಲಿ ಗ್ರಂಥಪಾಲಕಿಯ ಕೆಲಸವೂ ಸಿಕ್ಕಿತು. ಇಲ್ಲಿರುವವರೆಲ್ಲ ಕಲಿತವರು, ಹೆಸರಿನ ಮುಂದೆ ಡಾಕ್ಟರ್ ಎಂದು ಹಚ್ಚಿಕೊಂಡವರು. ಇನ್ನು ನನ್ನ ಕಾಲಿಗೆ ನಿವೃತ್ತಿ ಎಂದುಕೊಂಡೆ. ವರ್ಷ ತುಂಬುವುದರೊಳಗೆ ಸಂಪಗಾಂವದ ಸುದ್ದಿ ಕೇಂದ್ರದ ಗೇಟು ದಾಟಿ ಒಳಗೆ ಬಂದಿತ್ತು.

ಮೊದಲು ಬಂದವರು ಕಚೇರಿಯ ಅಧೀಕ್ಷಕರು. ಸವದತ್ತಿಯಿಂದ ದಿನಾ ಮೋಟಾರ್ ಸೈಕಲ್ಲಿನ ಮೇಲೆ ಬಂದು ಹೋಗುವವರು. ಹಿಂದಿನ ಕಿಸೆಯಲ್ಲಿ ಇಟ್ಟಿಗೆಯಷ್ಟು ದಪ್ಪನೆಯ ಪಾಕೀಟು ಇಟ್ಟುಕೊಂಡು, ಅದರ ಮೇಲೆಯೇ ವಾಲಿ ಕೂತು ಸಂಜೆಯವರೆಗೆ ಕಡತ ತಿರುವುತ್ತಿದ್ದರು. ಆ ಪಾಕೀಟು ತೆಗೆದು ಮೇಜಿನ ಮೇಲಿಟ್ಟರೆ ಅರ್ಧ ನೋವು ಕಡಿಮೆಯಾಗುತ್ತದೆ ಎಂದು ನಾನು ಹೇಳಿ ನೋಡಿದೆ. ಅವರು ನನ್ನನ್ನು ಮರುಕದಿಂದ ನೋಡಿ, ಅದೆಲ್ಲ ಬಿಡ್ರಿ, ನಿಮ್ಮ ಕಾಲು ಹಚ್ಚರಿ ಎಂದರು. ಹಳೆಯ ಪತ್ರಿಕೆಗಳನ್ನು ಕಟ್ಟಿಡುವ ಹಿಂದಿನ ಕೋಣೆಯಲ್ಲಿ, ಹಳೆಯ ಪತ್ರಿಕೆಗಳನ್ನೇ ನೆಲಕ್ಕೆ ಹಾಸಿ, ಅವರ ಸೊಂಟಕ್ಕೆ ಮೂರು ಒದೆ ಕೊಟ್ಟೆ.

ಆಮೇಲೆ ಒಬ್ಬರ ಹಿಂದೆ ಒಬ್ಬರು ಬಂದರು. ವಿಜ್ಞಾನ ಕಲಿಸುವವರು ಬಂದರು. ಮೂಢನಂಬಿಕೆಯ ವಿರುದ್ಧ ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸುವವರೊಬ್ಬರು ಭಾಷಣದ ಮರುದಿನವೇ ಬಂದರು. ಕೊನೆಗೆ ಕಿತ್ತೂರಿನಿಂದ ಕಾರಿನಲ್ಲಿ ಬರುವ ನಿರ್ದೇಶಕರೂ ಬಂದರು. ಮನೆಯವರ ಒತ್ತಾಯಕ್ಕೆ ಬಂದೆ ಎಂದು ಮೂರು ಸಲ ಹೇಳಿದರು. ಅವರು ಒಳಗೆ ಬಂದರೆ ನಾವೆಲ್ಲ ಎದ್ದು ನಿಲ್ಲಬೇಕು, ಅವರ ಕುರ್ಚಿಯ ಬೆನ್ನಿಗೆ ಹಾಕಿದ ಬಿಳಿ ಟಾವೆಲ್ಲನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ಅಂಥವರು ಕೋಟು ಕಳಚಿ ನನ್ನ ಕಾಲಬುಡದಲ್ಲಿ ಬೋರಲು ಬಿದ್ದಿದ್ದರು. ಸುಳ್ಳು ಯಾಕೆ ಹೇಳಲಿ, ಆವತ್ತು ಬಹಳ ಸುಖ ಆಯಿತು.

ನಾನು ಇದನ್ನೆಲ್ಲ ನಂಬುತ್ತಿದ್ದೆನೇ ಎಂದರೆ, ಇಲ್ಲ. ಬೈಂಡ್ ಮಾಡಿದ ಸಂಪುಟಗಳನ್ನು ವರ್ಷಗಟ್ಟಲೆ ಎತ್ತಿ ಇಳಿಸಿ ನನ್ನ ಸೊಂಟವೇ ಹೋಗಿತ್ತು. ನನಗೆ ಒದೆಯುವವರು ಯಾರೂ ಇರಲಿಲ್ಲವಾದ್ದರಿಂದ ನಾನು ತೆಪ್ಪಗೆ ಬೈಲಹೊಂಗಲದ ಡಾಕ್ಟರ ಹತ್ತಿರ ಹೋದೆ. ಅವರು ಹೇಳಿಕೊಟ್ಟ ವ್ಯಾಯಾಮವನ್ನು ದಿನಾ ಬೆಳಿಗ್ಗೆ ಬಾಗಿಲು ಹಾಕಿಕೊಂಡು ಮಾಡುತ್ತಿದ್ದೆ. ನೋವು ಸೊಂಟದಲ್ಲಿ ಇರುವ ತನಕ ಅಂಜಬೇಡಿ, ಕಾಲಿಗೆ ಇಳಿದು ಜುಮುಗುಟ್ಟಲು ಹತ್ತಿದರೆ ಒಂದು ದಿನವೂ ತಡಮಾಡಬೇಡಿ ಎಂದು ಅವರು ಹೇಳಿದ್ದು ನನಗೆ ಬಾಯಿಪಾಠವಾಗಿತ್ತು. ನನ್ನ ಬೆನ್ನಿಗೆ ಡಾಕ್ಟರು, ಊರ ಬೆನ್ನಿಗೆ ನನ್ನ ಕಾಲು. ಇದರಲ್ಲಿ ತಪ್ಪೇನಿದೆ ಎಂದು ಆಗ ಅನ್ನಿಸಿರಲಿಲ್ಲ.

ಈ ಹೊತ್ತಿನಲ್ಲಿಯೇ ಕಟಕೋಳದ ಹುಡುಗಿಯ ಮಾತು ಬರುತ್ತದೆ. ಎಂ.ಎ. ಎರಡನೆಯ ವರ್ಷದವಳು, ನಮ್ಮ ಹಾಸ್ಟೆಲಿನಲ್ಲಿ ಇರುತ್ತಿದ್ದಳು. ವಾಚನಾಲಯದ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಬಂದು ಕೂತಿರುತ್ತಿದ್ದಳು. ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಯ ಲಿಖಿತ ಪರೀಕ್ಷೆ ಪಾಸಾಗಿತ್ತು. ಇನ್ನು ಕೆಲವು ವಾರಕ್ಕೆ ದೈಹಿಕ ಪರೀಕ್ಷೆ. ಓಡಬೇಕು, ಜಿಗಿಯಬೇಕು, ಗುಂಡು ಎಸೆಯಬೇಕು. ನಸುಕಿನಲ್ಲಿ ಮೈದಾನದಲ್ಲಿ ಓಡಿ, ಆಮೇಲೆ ಸಂಜೆಯ ತನಕ ನಮ್ಮ ಬೆಂಚಿನ ಮೇಲೆ ಕೂತು ಓದುತ್ತಿದ್ದಳು.

ಆ ಬೆಂಚುಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಯಾವುದೋ ಪ್ರಾಥಮಿಕ ಶಾಲೆ ಬೇಡವೆಂದು ಬಿಟ್ಟವು, ಒರಗಲು ಬೆನ್ನಿಲ್ಲದವು, ಹತ್ತು ವರ್ಷದ ಮಕ್ಕಳ ಅಳತೆಯವು. ಇಪ್ಪತ್ತು ಮೀರಿದವರು ಅದರ ಮೇಲೆ ಮೂರು ಮಡಿಕೆಯಾಗಿ ಕೂತು ಮುಂದಿನ ಜೀವನ ಕಟ್ಟಿಕೊಳ್ಳಬೇಕಿತ್ತು. ಹೊಸ ಕುರ್ಚಿ ಬೇಕು ಎಂದು ನಾನು ಬರೆದ ಪತ್ರಗಳಿಗೆಲ್ಲ ನಿರ್ದೇಶಕರದು ಒಂದೇ ಉತ್ತರ: ಯಾರಿಗೂ ತೊಂದರೆ ಆದ ವರದಿ ಇಲ್ಲ.

ವರದಿ ಮಾಡುವವರೇ ಕೊನೆಗೆ ಬಂದರು. ಸಿಬ್ಬಂದಿ ಮತ್ತು ವಿದ್ಯಾರ್ಥಿಗಳಲ್ಲಿ ಸೊಂಟ ನೋವಿನ ಅಪಾಯ ಎಷ್ಟಿದೆ, ಅವರ ಮೈ ಎಷ್ಟು ಚುರುಕಾಗಿ ಕೆಲಸ ಮಾಡುತ್ತದೆ ಎಂದು ಸಂಶೋಧನೆ ಮಾಡುತ್ತಿದ್ದ ಫಿಜಿಯೋಥೆರಪಿ ಓದಿದ ತರುಣಿ. ಒಂದು ವಾರ ನಮ್ಮ ಸೆಮಿನಾರ್ ಹಾಲಿನಲ್ಲಿ ಪ್ರಶ್ನಾವಳಿ, ಟೇಪು, ಸ್ಟಾಪ್‌ವಾಚು, ಎರಡು ಕುರ್ಚಿ ಇಟ್ಟುಕೊಂಡು ಕೂತರು. ಉದ್ಘಾಟನೆಯಿಲ್ಲದೆ ನಮ್ಮಲ್ಲಿ ಏನೂ ಆಗುವುದಿಲ್ಲ. ನಿರ್ದೇಶಕರು ದೀಪ ಹಚ್ಚಿ, ನಮ್ಮ ಹಿರಿಯರು ಬಾವಿಯಿಂದ ನೀರು ಸೇದಿ, ಬೀಸುವಕಲ್ಲು ತಿರುವಿ ಸೊಂಟವನ್ನು ಕಬ್ಬಿಣ ಮಾಡಿಕೊಂಡಿದ್ದರು ಎಂದು ಒಂದು ತಾಸು ಮಾತಾಡಿದರು. ಕುರ್ಚಿ ಸಾಲದೆ ಹುಡುಗರು ಅಷ್ಟೂ ಹೊತ್ತು ನಿಂತೇ ಇದ್ದರು.

ಆಮೇಲೆ ಪ್ರಶ್ನೆಗಳು. ಇತ್ತೀಚೆಗೆ ಸೊಂಟ ನೋವು ಇತ್ತೇ? ನೋವು ಕಾಲಿಗೆ ಇಳಿದಿದೆಯೇ? ನೋವಿನ ದೆಸೆಯಿಂದ ನಡೆದಾಟ ಕಡಿಮೆಯಾಗಿದೆಯೇ? ಯಾವುದಾದರೂ ಚಿಕಿತ್ಸೆ ಪಡೆದಿದ್ದೀರಾ? ನಮ್ಮವರು ಎಲ್ಲದಕ್ಕೂ ಇಲ್ಲ, ಇಲ್ಲ, ಇಲ್ಲ ಎಂದು ಬರೆದರು. ಸೋಮವಾರ ನನ್ನಿಂದ ಒದೆಸಿಕೊಂಡ ಅಧೀಕ್ಷಕರು ಬುಧವಾರ ಇಲ್ಲ ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದು ಸಹಿ ಮಾಡಿದರು. ಸುಳ್ಳು ಹೇಳಬೇಕೆಂಬ ಉದ್ದೇಶ ಯಾರಿಗೂ ಇರಲಿಲ್ಲ. ನೋವನ್ನು ಬಾಯಿಬಿಟ್ಟರೆ ಹೊಳ್ಳಿ ಬರುತ್ತದಲ್ಲ, ಕಾಗದದ ಮೇಲೆ ಬರೆದರೂ ಬಾಯಿಬಿಟ್ಟ ಹಾಗೆಯೇ ಎಂದು ಈ ಪಂಡಿತರು ತಮ್ಮತಮ್ಮಲ್ಲೇ ತೀರ್ಮಾನಿಸಿಕೊಂಡಿದ್ದರು. ಸಂಶೋಧನಾ ವಿಧಾನ ಎಂಬ ವಿಷಯವನ್ನು ಎಂ.ಎ. ಮಕ್ಕಳಿಗೆ ಕಲಿಸುವವರೂ ಇವರೇ.

ಆದರೆ ಮೈ ಸುಳ್ಳು ಹೇಳುವುದಿಲ್ಲ. ಕೈ ಊರದೆ ಕುರ್ಚಿಯಿಂದ ಐದು ಸಲ ಎದ್ದು ಕೂರಿ ಎಂದರೆ ನಿರ್ದೇಶಕರು ಎರಡನೆಯ ಸಲಕ್ಕೇ ತೊಡೆಗೆ ಕೈ ಕೊಟ್ಟು, ಕುರ್ಚಿ ಸರಿ ಇಲ್ಲ ಎಂದರು. ಮುಂದಕ್ಕೆ ಬಾಗಿ ನೆಲ ಮುಟ್ಟಿ ಎಂದರೆ ಅಧೀಕ್ಷಕರ ಬೆರಳು ಮೊಣಕಾಲಿಗೇ ನಿಂತು, ಹೊಟ್ಟೆ ಅಡ್ಡ ಬರುತ್ತದೆ ಎಂಬ ಸಮಜಾಯಿಷಿ ಬಂತು. ಆ ತರುಣಿ ಕಾಗದವನ್ನೊಮ್ಮೆ, ಮನುಷ್ಯರನ್ನೊಮ್ಮೆ ನೋಡಿ ನೋಡಿ ಸಾಕಾಗಿ ನನ್ನ ಹತ್ತಿರ ಬಂದರು. ಇಲ್ಲಿ ನಿಜವಾಗಿಯೂ ಯಾರಿಗೂ ನೋವಿಲ್ಲವೇ ಮೇಡಂ, ಎಂದು ಕೇಳಿದರು. ಅಲ್ಲಿನ ಪ್ರತಿಯೊಂದು ಬೆನ್ನೂ ನನಗೆ ಗೊತ್ತಿತ್ತು. ಯಾವುದು ಎಡಕ್ಕೆ ಹಿಡಿಯುತ್ತದೆ, ಯಾವುದು ಬಲಕ್ಕೆ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ.

“ನಮ್ಮ ಕಡೆ ಜ್ವಾಳದ ರೊಟ್ಟಿ ತಿಂತೇವ್ರಿ,” ಎಂದೆ. ನನ್ನ ಕಾಗದದ ಮೇಲೂ ಇಲ್ಲ ಎಂದೇ ಬರೆದುಕೊಟ್ಟೆ.

ಮರುದಿನ ಬೆಳಿಗ್ಗೆ ಕಟಕೋಳದ ಹುಡುಗಿ ಪತ್ರಿಕೆಗಳ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಹೊಟ್ಟೆಗೆ ಏನೂ ಹಾಕಿಕೊಂಡಿರಲಿಲ್ಲ. ಹಾಸ್ಟೆಲಿನ ಹುಡುಗಿಯರು ಕಟ್ಟಳೆ ಹೇಳಿ ಕಳಿಸಿದ್ದರು. ಗುಂಡು ಎಸೆಯಲು ಕಲಿಯುವಾಗ ಸೊಂಟ ಉಳುಕಿತ್ತಂತೆ. ಅದರ ಮೇಲೆ ದಿನವಿಡೀ ಬೆಂಚು.

“ಸ್ವಾಂಟ ಹಿಡದೈತ್ರಿ ಮೇಡಂ,” ಎಂದಳು. “ಎಡಗಾಲಾಗ ಕೆಳಗಿನ ತನಕ ಜುಮ್ ಜುಮ್ ಅಂತೈತ್ರಿ. ಹೆಬ್ಬಟ್ಟು ನನ್ನದಲ್ಲೇನೋ ಅನ್ನಂಗ ಆಗೇತಿ.”

ಕಾಲಿಗೆ ಇಳಿದ ನೋವು. ಒಂದು ದಿನವೂ ತಡಮಾಡಬೇಡಿ ಎಂದು ನನ್ನ ಡಾಕ್ಟರು ಹೇಳಿದ್ದು ಇದನ್ನೇ. ಎರಡು ಕೋಣೆ ಆಚೆಗೆ ಇದನ್ನೇ ಓದಿದ ಹೆಣ್ಣುಮಗಳು ಟೇಪು ಹಿಡಿದುಕೊಂಡು, ಯಾರಾದರೂ ನಿಜ ಹೇಳುತ್ತಾರೇನೋ ಎಂದು ಕಾಯುತ್ತ ಕೂತಿದ್ದರು. ಹುಡುಗಿಯ ಕೈ ಹಿಡಿದು ಅಲ್ಲಿಗೆ ಕರೆದೊಯ್ಯಲು ಇಪ್ಪತ್ತು ಹೆಜ್ಜೆ ಸಾಕಿತ್ತು. ಆದರೆ ಅವಳು ನನ್ನನ್ನು ಅಷ್ಟು ಭರವಸೆಯಿಂದ ನೋಡುತ್ತಿದ್ದಳು. ಡಾಕ್ಟರ ಹತ್ತಿರ ಹೋಗು ಎಂದರೆ ನನ್ನ ಕಾಲು ಬರೀ ಕಾಲು ಎಂದು ನಾನೇ ಒಪ್ಪಿಕೊಂಡ ಹಾಗಾಗುತ್ತಿತ್ತು. ನಾಳೆ ನಿರ್ದೇಶಕರು ನನ್ನ ಮುಂದೆ ಬೋರಲು ಬೀಳುತ್ತಿದ್ದರೇ? ಅಷ್ಟು ದಿನ ಎಲ್ಲರನ್ನೂ ನೋಡಿ ಒಳಗೊಳಗೆ ನಕ್ಕವಳು ಆ ಬೆಳಿಗ್ಗೆ ಎಲ್ಲರಿಗಿಂತ ಕೀಳಾಗಿ ನಡೆದುಕೊಂಡೆ.

ಹಗುರಾಗಿ ಒದ್ದೆ, ಅಷ್ಟು ಮಾತ್ರ ಎಚ್ಚರವಿತ್ತು. ಅವಳು ಎದ್ದು ನಿಂತಾಗ ಬಾಯಿಪಾಠದ ಹಾಗೆ ಅಜ್ಜಿಯ ಮಾತು ಹೊರಗೆ ಬಂತು.

“ಯಾರ ಮುಂದೂ ಹೇಳಬ್ಯಾಡ ನೋಡು. ಹೇಳಿದ್ರ ಹೊಳ್ಳಿ ಬರತೈತಿ.”

ಅವಳು ಗೋಣು ಆಡಿಸಿ, ತಿರುಗಿ ನೋಡದೆ ನಡೆದಳು. ಅವತ್ತು ಮಧ್ಯಾಹ್ನವೇ ಅವಳ ಪಾಳಿ ಬಂತು. ಸೆಮಿನಾರ್ ಹಾಲಿನ ಗಾಜಿನ ಬಾಗಿಲಿನಿಂದ ನಾನು ನೋಡುತ್ತಿದ್ದೆ. ಪ್ರಶ್ನೆಗಳಿಗೆಲ್ಲ ಬೇಗಬೇಗ ಬರೆದುಕೊಟ್ಟಳು. ಹಿಮ್ಮಡಿಯ ಮೇಲೆ ನಿಂತು, ಪಾದದ ಮುಂಭಾಗ ಎತ್ತಿ ನಾಲ್ಕು ಹೆಜ್ಜೆ ನಡೆಯಲು ಹೇಳಿದಾಗ ಬಲಪಾದ ಎದ್ದಿತು, ಎಡಪಾದ ಏಳಲಿಲ್ಲ. ತರುಣಿ ಕೂಡಲೇ ಪೆನ್ನು ಕೆಳಗಿಟ್ಟು ಏನೋ ಕೇಳಿದರು. ಹುಡುಗಿ ನಗುತ್ತ ಅಡ್ಡಡ್ಡ ತಲೆಯಾಡಿಸಿದಳು. ನಿದ್ದೆ ಸಾಲದಾಗಿದೆ ಅಷ್ಟೇ ಅಂದಳಂತೆ. ಅವರು ಒಂದು ಚೀಟಿಯ ಮೇಲೆ ಬೆಳಗಾವಿಯ ಆಸ್ಪತ್ರೆಯ ವಿಭಾಗವೊಂದನ್ನು ಬರೆದುಕೊಟ್ಟರು. ಆ ಚೀಟಿಯನ್ನು ಅವಳು ಪುಸ್ತಕದ ಪುಟದ ಗುರುತಿಗೆ ಇಟ್ಟುಕೊಂಡದ್ದನ್ನು ಮರುದಿನ ವಾಚನಾಲಯದಲ್ಲಿ ನೋಡಿದೆ. ನೋಡಿ ನನ್ನ ಮೇಜಿಗೆ ಹೋಗಿ ಕೂತೆ.

ಆಮೇಲಿನ ಮೂರು ವಾರ ಅವಳು ಓಡುತ್ತಲೇ ಇದ್ದಳು. ವಾಚನಾಲಯಕ್ಕೆ ಬರುವಾಗ ಎಡಗಾಲಿನ ಚಪ್ಪಲಿ ನೆಲಕ್ಕೆ ತಾಗಿ ಸರ್ ಎನ್ನುತ್ತಿತ್ತು. ಒಂದು ದಿನ ತಡೆಯಲಾರದೆ, ಹೆಂಗದಿ ಎಂದು ಕೇಳಿದೆ. ಅವಳು ತುಟಿಯ ಮೇಲೆ ಬೆರಳಿಟ್ಟು ನಕ್ಕಳು. ಹೇಳಬಾರದಲ್ಲ! ಎಂಥ ವಿಧೇಯ ಹುಡುಗಿ ಎಂದು ನನಗೆ ಮೆಚ್ಚುಗೆಯಾಯಿತು. ಮೆಚ್ಚುಗೆಯಾಯಿತು ಎಂದು ಬರೆಯುವಾಗ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ದೈಹಿಕ ಪರೀಕ್ಷೆಗೆ ಹತ್ತು ದಿನ ಇರುವಾಗ ಮೈದಾನದಲ್ಲಿ ಓಡುತ್ತಲೇ ಬಿದ್ದಳು. ಪಾದ ಏಳದೆ ಬೆರಳು ನೆಲಕ್ಕೆ ಸಿಕ್ಕಿಬಿದ್ದಿತ್ತು. ಹಾಸ್ಟೆಲಿನ ಹುಡುಗಿಯರು ಬೈಲಹೊಂಗಲಕ್ಕೆ ಕರೆದುಕೊಂಡು ಹೋದರು. ಅಲ್ಲಿಂದ ಅದೇ ದಿನ ಬೆಳಗಾವಿಗೆ ಕಳಿಸಿದರು. ಬೆನ್ನುಮೂಳೆಯ ನಡುವಿನ ಮೆತ್ತೆ ಜಾರಿ ನರವನ್ನು ಒತ್ತಿ ಹಿಡಿದಿತ್ತು. ಆಪರೇಷನ್ ಆಯಿತು. ನೋವು ಹೋಯಿತು, ಪಾದದ ಶಕ್ತಿ ಪೂರ್ತಿ ಮರಳಲಿಲ್ಲ. ನಡೆಯುತ್ತಾಳೆ, ಓಡುವುದು ಕಷ್ಟ ಎಂದು ಅಲ್ಲಿಯ ಡಾಕ್ಟರು ಹೇಳಿದರಂತೆ. ಜುಮುಗುಟ್ಟಲು ಶುರುವಾದಾಗಲೇ ಬಂದಿದ್ದರೆ ಮಾತು ಬೇರೆ ಇತ್ತು ಎಂದೂ ಹೇಳಿದರಂತೆ. ಅವಳು ಹಾಸಿಗೆಯಲ್ಲಿರುವಾಗಲೇ ದೈಹಿಕ ಪರೀಕ್ಷೆಯ ದಿನ ಬಂದು ಹೋಯಿತು.

ಇತ್ತ ನಮ್ಮಲ್ಲಿ ಹಬ್ಬ. ಸಂಶೋಧನೆಯ ಫಲಿತಾಂಶ ಬಂದಿತ್ತು. ಬರೆದುಕೊಟ್ಟ ಉತ್ತರಗಳ ಪ್ರಕಾರ ನಮ್ಮ ಕೇಂದ್ರದಲ್ಲಿ ಸೊಂಟ ನೋವಿನ ಅಪಾಯ ತೀರ ಕಡಿಮೆ. ಉತ್ತರಕ್ಕೂ ಮೈಯ ಅಳತೆಗೂ ತಾಳೆಯಾಗುವುದಿಲ್ಲ, ಮತ್ತೊಮ್ಮೆ ವಿಚಾರಿಸಬೇಕು ಎಂದು ಪಾಪ ಆ ತರುಣಿ ಕೆಳಗೆ ಸ್ಪಷ್ಟವಾಗಿ ಬರೆದಿದ್ದರು. ನಿರ್ದೇಶಕರು ಆ ಸಾಲುಗಳಿರುವ ಪುಟ ಬಿಟ್ಟು ಮೊದಲ ಪುಟಕ್ಕೆ ಮಾತ್ರ ಚೌಕಟ್ಟು ಹಾಕಿಸಿ ತಮ್ಮ ಕೋಣೆಯಲ್ಲಿ ತೂಗುಹಾಕಿದರು. ಅದನ್ನು ತೂಗುಹಾಕಲು ಸ್ಟೂಲು ಹತ್ತಿದ ಅಧೀಕ್ಷಕರು ಇಳಿಯುವಾಗ ಸೊಂಟ ಹಿಡಿದು, ಮಾರನೆಯ ಬೆಳಿಗ್ಗೆ ನನ್ನ ಕೋಣೆಗೆ ಬಂದರು. ಅಂಗಡಿಯ ಬಾಗಿಲು ಹಾಕಿದೆ ಎಂದು ಹೇಳಿ ಕಳಿಸಿದೆ. ಅವರಿಗೆ ಅರ್ಥವಾಗಲಿಲ್ಲ, ಕೋಣೆಯ ಬಾಗಿಲು ತೆರೆದೇ ಇತ್ತು.

ಎರಡು ತಿಂಗಳಾದ ಮೇಲೆ ಹುಡುಗಿ ತಾಯಿಯ ಜೊತೆ ಬಂದಳು. ಹಾಸ್ಟೆಲಿನ ಸಾಮಾನು ಒಯ್ಯಲು ಬಂದವರು ನೆಟ್ಟಗೆ ಗ್ರಂಥಾಲಯಕ್ಕೆ ಬಂದರು. ತಾಯಿ ಊರಲ್ಲಿ ಮನೆಯಲ್ಲೇ ಹೊಲಿಗೆ ಮಾಡುವಾಕೆ. ಒಂದು ಕುಪ್ಪಸದ ಖಣ, ತೆಂಗಿನಕಾಯಿ, ಎಲೆ ಅಡಿಕೆ ತಂದಿದ್ದಳು. ನಾನು ಬೈಗುಳಕ್ಕೆ ತಯಾರಾಗಿ ಎದ್ದು ನಿಂತೆ. ಅದು ಸಿಕ್ಕಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಆಕೆ ಖಣವನ್ನು ನನ್ನ ಮೇಜಿನ ಮೇಲಿಟ್ಟು, ಮಗಳ ಕೈಯಿಂದ ತಪ್ಪಾಗಿದೆ, ಹೊಟ್ಟೆಗೆ ಹಾಕಿಕೊಳ್ಳಬೇಕು ಎಂದಳು. ನನಗೆ ತಿಳಿಯಲಿಲ್ಲ. ಹುಡುಗಿ ಒಂದು ಕೈಯಿಂದ ಮೇಜಿನ ಅಂಚು ಹಿಡಿದು ನಿಂತಿದ್ದಳು. ಸೊಂಟಕ್ಕೆ ಅಗಲವಾದ ಬೆಲ್ಟು ಇತ್ತು.

“ಯಾರ ಮುಂದೂ ಹೇಳಿರಲಿಲ್ಲರಿ ಮೇಡಂ,” ಎಂದಳು. “ಅವ್ವನ ಮುಂದೂ ಹೇಳಿರಲಿಲ್ಲ. ಬಿದ್ದ ದಿನ ಡಾಕ್ಟರು ಯಾವಾಗಿಂದ ಅಂತ ಕೇಳಿ ಕೇಳಿ ಕಾಡಿದ್ರು, ಬಾಯಿ ಬಿಟ್ಟುಬಿಟ್ಟೆ. ಅದಕ್ಕ ಹೋತೇನ್ರಿ ನನ್ನ ಕಾಲು?”

ಎರಡು ತಿಂಗಳು ಹಾಸಿಗೆಯಲ್ಲಿ ಮಲಗಿ ಆ ಹುಡುಗಿ ಯೋಚಿಸಿದ್ದು ಇದನ್ನು. ಬೆಂಚಿನ ಬಗ್ಗೆ ಅಲ್ಲ, ಚೀಟಿಯ ಬಗ್ಗೆ ಅಲ್ಲ, ನನ್ನ ಬಗ್ಗೆಯಂತೂ ಅಲ್ಲವೇ ಅಲ್ಲ. ತಾನು ಬಾಯಿಬಿಟ್ಟದ್ದೇ ತಪ್ಪು ಎಂದು. ಎಂ.ಎ. ಓದುವ, ಸಾವಿರಾರು ಜನರ ನಡುವೆ ಲಿಖಿತ ಪರೀಕ್ಷೆ ಪಾಸಾದ ಹುಡುಗಿ. ನಾನು ಕುರ್ಚಿಯಲ್ಲಿ ಕೂತೆ.

“ನೀ ಹೇಳಿದ್ದಕ್ಕ ಹೋಗಿಲ್ಲ,” ಎಂದೆ. “ನಾ ಹೇಳಬ್ಯಾಡ ಅಂದಿದ್ದಕ್ಕ ಹೋತು. ಇದು ದವಾಖಾನಿಗೆ ಹೋಗೋ ನೋವು ಅಂತ ನನಗ ಅವತ್ತ ಗೊತ್ತಿತ್ತು. ನನ್ನ ಸ್ವಾಂಟಕ್ಕ ನಾ ಡಾಕ್ಟರ ಕಡೆನ ಹೋಗತೇನಿ.”

ತಾಯಿಗೆ ಇದು ದೊಡ್ಡವರ ವಿನಯವಾಗಿ ಕೇಳಿಸಿತು. ಹಂಗ್ಯಾಕ ಅಂತೀರಿ ಅಕ್ಕಾರ, ನಿಮ್ಮ ಪಾದದ ಪುಣ್ಯದಿಂದ ಇಷ್ಟಾದರೂ ನಡೆಯುತ್ತಾಳೆ ಎಂದು ಕಣ್ಣೊರೆಸಿಕೊಂಡಳು. ಮಗಳ ಬೆನ್ನ ಮೇಲೆ ಕೈ ಇಟ್ಟು, ಕಾಲಿಗೆ ಬೀಳವ್ವಾ ಎಂದಳು. ಬಗ್ಗಲು ಬರುವುದಿಲ್ಲ ಎಂಬುದು ಆಕೆಗೆ ಆ ಕ್ಷಣ ಮರೆತುಹೋಗಿತ್ತು.

ಹುಡುಗಿ ಬಗ್ಗಲಿಲ್ಲ. ಅವಳಿಗೆ ನನ್ನ ಮಾತು ತಿಳಿದಿತ್ತು. ನನ್ನ ಮುಖವನ್ನು ನೋಡಿದಳು, ಮೇಜಿನ ಕೆಳಗಿದ್ದ ನನ್ನ ಕಾಲನ್ನು ನೋಡಿದಳು, ಮತ್ತೆ ಮುಖವನ್ನು ನೋಡಿದಳು. ಇಷ್ಟು ವರ್ಷ ನಾನು ಬೇರೆಯವರನ್ನು ಯಾವ ಕಣ್ಣಿನಿಂದ ನೋಡಿಕೊಂಡು ಬಂದಿದ್ದೆನೋ ಅದೇ ಕಣ್ಣಿನಿಂದ ಅವಳು ನನ್ನನ್ನು ನೋಡಿದಳು. ಆಮೇಲೆ ಮೇಜಿನ ಮೇಲಿದ್ದ ಖಣವನ್ನು ಎತ್ತಿ ತಾಯಿಯ ಚೀಲಕ್ಕೆ ವಾಪಸ್ಸು ಹಾಕಿ, ನಡಿ ಬೇ ಯವ್ವಾ ಎಂದು, ಎಡಗಾಲು ಎಳೆಯುತ್ತ ಬಾಗಿಲ ಕಡೆಗೆ ಹೊರಟಳು.